ಹಿಡಿಯುವವನ ಪಾಲು

ಹಂದಿಯ ಬೆನ್ನೆಲುಬಿನ ಒಳಮಗ್ಗುಲಿಗೆ, ಆ ಕಡೆ ಒಂದು ಈ ಕಡೆ ಒಂದು, ಉದ್ದನೆಯ ಎರಡು ಪಟ್ಟಿ ಮಾಂಸ ಇರುತ್ತದೆ. ಪ್ರಾಣಿ ಎಷ್ಟೇ ದೊಡ್ಡದಿರಲಿ, ಆ ಪಟ್ಟಿ ಮೊಳಕೈಯಷ್ಟು ಉದ್ದ ಸಿಕ್ಕರೆ ದೊಡ್ಡದು. ಅದರಲ್ಲಿ ಕೊಬ್ಬಿಲ್ಲ, ನಾರಿಲ್ಲ. ನಡೆಯುವಾಗ, ಓಡುವಾಗ, ಮೂತಿಯಿಂದ ನೆಲ ಕೆದರುವಾಗ ಉಳಿದ ಮೈಯೆಲ್ಲ ದುಡಿಯುತ್ತದೆ. ಈ ಪಟ್ಟಿ ಮಾತ್ರ ಒಳಗೆ ಸುಮ್ಮನೆ ಮಲಗಿರುತ್ತದೆ. ಅದಕ್ಕೇ ಅಷ್ಟು ಮೆತ್ತಗೆ. ನಮ್ಮಣ್ಣ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತ, "ಇಡೀ ಹಂದ್ಯಾಗ ಇದೊಂದ ನೋಡಲೇ ಸಾವಕಾರ. ಹುಟ್ಟಿದಾಗಿಂದ ಒಂದ್ ದಿನಾ ದುಡದಿಲ್ಲ" ಎಂದು ನಗುತ್ತಿದ್ದ.

ಈಗ ಪೇಟೆಯಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿ ಕೊಡುತ್ತಾರೆ. ಯಾವುದು ಪಟ್ಟಿ, ಯಾವುದು ತೊಡೆ ಎಂದು ಕೇಳುವವರೂ ಇಲ್ಲ. ನಮ್ಮಲ್ಲಿ ಹಾಗಿರಲಿಲ್ಲ.

ನಾವು ಕಲ್ಲು ಒಡೆಯುವ, ಬಾವಿ ತೋಡುವ ಮಂದಿ. ಜಮಖಂಡಿ, ಮುಧೋಳ, ಬೀಳಗಿಯ ಸುತ್ತ ನಾನು ಬಾವಿಗೆ ಇಳಿಯದ ಊರು ಕಡಿಮೆ. ಸಾವಳಗಿ ಕಡೆಯ ಕರಿಬಂಡೆ ಹೇಗೆ ಸಿಡಿಯುತ್ತದೆ, ಗುಡ್ಡದ ಕೆಂಪುಕಲ್ಲು ಹೇಗೆ ಬಿರಿಯುತ್ತದೆ ಎಂಬುದು ನನ್ನ ರಟ್ಟೆಗೆ ಗೊತ್ತು. ಸಾಲಿ ಕಲಿತದ್ದು ಮೂರನೆಯ ಇಯತ್ತೆ ತನಕ. ಇಷ್ಟನ್ನು ಬರೆಯಲು ಅಷ್ಟು ಸಾಕಾಗಿದೆ. ನಾನು ಅಣ್ಣನ ಜೊತೆ ತೋಡಿದ ಬಾವಿಗಳಲ್ಲಿ ಇವತ್ತಿಗೂ ಎಮ್ಮೆ ನೀರು ಕುಡಿಯುತ್ತವೆ, ಕಬ್ಬು ನೀರು ಕುಡಿಯುತ್ತದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬಂಡೆಯಲ್ಲಿ ಮದ್ದು ತುಂಬಲು ತೂತು ಕೊರೆಯಬೇಕು. ನಮ್ಮ ಕಡೆ ಅದಕ್ಕೆ ಸುರಂಗ ಎನ್ನುತ್ತಾರೆ. ಮಷೀನು ಬರುವ ಮೊದಲು ಸುರಂಗ ಹೊಡೆಯಲು ಇಬ್ಬರು ಬೇಕಾಗುತ್ತಿತ್ತು. ಒಬ್ಬ ಉದ್ದನೆಯ ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಇನ್ನೊಬ್ಬ ನಿಂತುಕೊಂಡು ಘಣ, ಅಂದರೆ ದೊಡ್ಡ ಸುತ್ತಿಗೆ, ತಲೆಯ ಮೇಲಿನಿಂದ ತಂದು ಉಳಿಯ ಮೇಲೆ ಹಾಕುತ್ತಿದ್ದ. ಒಂದೊಂದು ಏಟಿಗೂ ಹಿಡಿದವನು ಉಳಿಯನ್ನು ತುಸು ತಿರುವಬೇಕು. ತಿರುವದಿದ್ದರೆ ಉಳಿ ಬಂಡೆಯಲ್ಲಿ ಕಚ್ಚಿಕೊಂಡು ಕೂತುಬಿಡುತ್ತದೆ. ತಿರುವಿದರೆ ತೂತು ದುಂಡಗೆ ಇಳಿಯುತ್ತದೆ. ನೋಡಿದವರಿಗೆ ಹೊಡೆಯುವವನೇ ಕಾಣುತ್ತಾನೆ. ಅವನ ಬೆವರು, ಅವನ ಹೂಂಕಾರ, ಅವನ ತೋಳು. ಆದರೆ ಏಟು ಒಂದು ಬೆರಳು ತಪ್ಪಿದರೆ ಮುಂಗೈ ಮುರಿಯುವುದು ಹಿಡಿದವನದು. ಹಿಡಿಯುವವನು ತನ್ನೆರಡು ಕೈಗಳನ್ನು ಇನ್ನೊಬ್ಬನಿಗೆ ಒಪ್ಪಿಸಿ ಕೂತಿರುತ್ತಾನೆ.

ಆ ಪಟ್ಟಿಯ ಪದ್ಧತಿ ಹುಟ್ಟಿದ್ದು ಇದರಿಂದಲೇ ಇರಬೇಕು. ಬಾವಿಗೆ ನೀರು ಬಿದ್ದಾಗ ಮಾಲೀಕರು ಕೊಟ್ಟದ್ದರಲ್ಲಿ ನಮ್ಮ ಮಂದಿ ಹಂದಿ ಕೊಯ್ಯುತ್ತಿದ್ದರು. ಮಾಂಸ ಎಲ್ಲರಿಗೂ ಪಾಲಾಗುತ್ತಿತ್ತು. ಬೆನ್ನಿನ ಆ ಎರಡು ಪಟ್ಟಿ ಮಾತ್ರ ಕೊನೆಯ ಸುರಂಗ ಹೊಡೆದ ಜೋಡಿಗೆ. ಅದನ್ನು ಸಾರಿಗೆ ಹಾಕುವಂತಿಲ್ಲ, ಕೆಂಡದ ಮೇಲೆ ಸುಡಬೇಕು. ಹಿಡಿಯುವವ ಮೊದಲು ತಿನ್ನಬೇಕು. ಅವನು ತನ್ನ ಪಟ್ಟಿ ತಿಂದು ಕೈ ತೊಳೆಯುವ ತನಕ ಹೊಡೆಯುವವ ತನ್ನದನ್ನು ಬಾಯಿಗೆ ಇಡುವಂತಿಲ್ಲ. ಹಿಡಿಯುವವ ತಾನು ತಿನ್ನದೆ ತನ್ನ ಪಟ್ಟಿಯನ್ನು ಹೊಡೆಯುವವನ ಕೈಗೆ ಕೊಟ್ಟರೆ, ಅವನು ತಿಂದರೆ, ಜೋಡಿ ಬಿಟ್ಟಿತು ಎಂದು ಅರ್ಥ. ಕೈ ನಡುಗಲು ಹತ್ತಿದ ಮುದುಕರು ಹಾಗೆ ಕೊಡುತ್ತಿದ್ದರು. ಹಾಗೆ ಕೊಡದಿದ್ದರೆ, ಹಿಡಿಯುವವ ಬದುಕಿರುವ ತನಕ ಹೊಡೆಯುವವ ಇನ್ನೊಬ್ಬನ ಉಳಿಯ ಮೇಲೆ ಘಣ ಎತ್ತುವಂತಿರಲಿಲ್ಲ. ಎತ್ತಿದರೆ ಬೈಯುವವರು, ದಂಡ ಹಾಕುವವರು ಯಾರೂ ಇರಲಿಲ್ಲ. ಆದರೂ ಯಾರೂ ಎತ್ತುತ್ತಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ನನ್ನ ಸಾಲಿ ಬಿಡಿಸಿ ಅಣ್ಣ ಕರೆದುಕೊಂಡು ಹೋದ. ಮೊದಮೊದಲು ಬರೀ ಬುಟ್ಟಿ ಹೊರುತ್ತಿದ್ದೆ. ಮೀಸೆ ಮೂಡುವ ಹೊತ್ತಿಗೆ ಒಂದು ದಿನ ಘಣ ಕೈಗೆ ಕೊಟ್ಟು ತಾನೇ ಉಳಿ ಹಿಡಿದು ಕೂತ. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ನನ್ನ ಮಾರಿ ನೋಡಬ್ಯಾಡ. ಕಣ್ಣ ಉಳಿ ತಲಿ ಮ್ಯಾಲ ಇರ್ಲಿ" ಅಂದ. "ನನ್ನ ಮಾರ್ಯಾಗ ಏನ್ ಹೊಸಾದೈತಿ?"

"ತಪ್ಪಿದ್ರ?"

"ತಪ್ಪಿದ್ರ ನಾ ಒದರ್ತೇನಿ, ಆಗ ಗೊತ್ತಾಕ್ಕತಿ. ಹಾಕು."

ಹಾಕಿದೆ. ಆ ವರ್ಷವೇ ಒಮ್ಮೆ ತಪ್ಪಿತು. ಅವನ ಎಡ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು, ಮತ್ತೆ ಸರಿಯಾಗಿ ಬರಲಿಲ್ಲ. ಅದನ್ನು ಬಂದವರಿಗೆಲ್ಲ ತೋರಿಸಿ, "ಇದು ನನ್ನ ತಮ್ಮ ಕೊಟ್ಟ ಉಂಗುರ" ಎಂದು ಚೇಷ್ಟೆ ಮಾಡುತ್ತಿದ್ದ. ಮರುದಿನ ಮತ್ತೆ ಅದೇ ಕೈಯಲ್ಲಿ ಉಳಿ ಹಿಡಿದು ಕೂತಿದ್ದ. ಆಮೇಲೆ ಎಂದೂ ತಪ್ಪಲಿಲ್ಲ.

ಬನಹಟ್ಟಿಯ ಅಂಚಿನಲ್ಲಿ ನಾವಿಬ್ಬರೂ ಸೇರಿ ಮನೆ ಕಟ್ಟಿದೆವು. ಕಲ್ಲು ನಮ್ಮದೇ, ಕೈ ನಮ್ಮವೇ. ಎರಡು ಬಾಗಿಲು, ಹಿಂದೆ ಒಂದೇ ಹಿತ್ತಲು. ಪಟ್ಟಿ ಸುಡುವುದು ಅಲ್ಲಿಂದ ಮುಂದೆ ಬಾವಿದಂಡೆಯಲ್ಲಿ ನಿಂತುಹೋಗಿ ಮನೆಯ ಹಿತ್ತಲಿಗೆ ಬಂತು. ಅಣ್ಣನ ಹೆಂಡತಿ, ನಮ್ಮ ವೈನಿ, ಮಸಾಲೆ ಅರೆಯುತ್ತಿದ್ದಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹಸಿಶುಂಠಿ, ಹುರಿದ ಕೊತ್ತಂಬರಿ ಬೀಜ, ಉಪ್ಪು, ಕೊನೆಗೆ ಲಿಂಬೆಹುಳಿ. ಅದನ್ನು ಪಟ್ಟಿಗೆ ಸವರಿ ಪರಾತ ಮುಚ್ಚಿ ಮುಂಜಾನೆಯಿಂದ ಮಧ್ಯಾಹ್ನದ ತನಕ ನೆರಳಲ್ಲಿ ಇಡುತ್ತಿದ್ದಳು. ಎರಡು ಕಲ್ಲಿನ ನಡುವೆ ಜಾಲಿ ಕಟ್ಟಿಗೆಯ ಕೆಂಡ. ಪಟ್ಟಿಯನ್ನು ಉದ್ದಕ್ಕೆ ಕಬ್ಬಿಣದ ಸರಳಿಗೆ ಪೋಣಿಸಿ ಕಲ್ಲುಗಳ ಮೇಲೆ ಅಡ್ಡ ಇಡುವುದು.

ಸುಡುವ ಕೆಲಸ ಅಣ್ಣನದು. ಉಳಿ ತಿರುವುವ ಹಾಗೆಯೇ ಸರಳು ತಿರುವುತ್ತಿದ್ದ. ತುಸು ತಿರುವಿ ನಿಲ್ಲಿಸುವುದು, ರಸ ಮೇಲೆ ಹೊಳೆದಾಗ ಮತ್ತೆ ತುಸು. ನಾನು ಬೀಸಣಿಗೆ ಹಿಡಿದರೆ ಬೈಗುಳ.

"ಏ ಹುಚ್ಚಪ್ಪಾ, ಗಾಳಿ ಯಾಕ ಹಾಕ್ತಿ? ಉರಿ ಎದ್ರ ಮ್ಯಾಲ ಕರಕ, ಒಳಗ ಹಸಿ. ಬೂದಿ ಮುಚ್ಚಿದ ಕೆಂಡ ಬೇಕ ಇದಕ್ಕ. ನೀ ಎಲ್ಲಾದಕ್ಕೂ ಘಣ ಹೊಡಿಯಾಕ ಹೊಕ್ಕೀ."

ಹಿತ್ತಲಿನ ಗೋಡೆಯ ಆಚೆ ನೇಕಾರರ ಮನೆ. ಅಲ್ಲಿಯ ಹಿರಿಯಳಿಗೆ ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮಾಂಸದ ಮಾತು ಬಂದರೆ ಸೆರಗು ಮೂಗಿಗೆ ಹೋಗುತ್ತಿತ್ತು. ಆದರೂ ಗೋಡೆ ಬಿಟ್ಟು ಹೋಗುತ್ತಿರಲಿಲ್ಲ.

"ಏ ತಮ್ಮಾ, ಗಾಳಿ ನಮ್ಮ ಕಡಿ ಐತ್ಯೋ. ನನ್ನ ಪೂಜಿ ಮುಗಿಯೂ ಮಟಾ ತಡೀರಿ, ಆಮ್ಯಾಲ ಏನರ ಸುಟ್ಕೋರಿ."

"ಆತ್ರೀ ಆಯಿ. ನಿಮ್ಮ ದೇವ್ರ ಉಂಡ ಮ್ಯಾಲ ನಮ್ಮದು."

"ತಿನ್ನೂದು ನನಗ ಗೊತ್ತಿಲ್ಲ, ಮೂಗರ ಐತಲ್ಲ. ನೀ ಸುಟ್ರ ಒಂದ್ ವಾಸನಿ, ನಿನ್ನ ತಮ್ಮ ಕೈ ಹಾಕಿದ್ರ ಕರಕ ವಾಸನಿ. ಅವಗ ಕೊಡಬ್ಯಾಡ ಸರಳು."

ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಆಮೇಲೆ ತನ್ನ ಪಟ್ಟಿ ತಿಂದು, ಬೇಕೆಂದೇ ನಿಧಾನಕ್ಕೆ ತಿಂದು, ನಾನು ಬಾಯಲ್ಲಿ ನೀರೂರಿಸಿಕೊಂಡು ಕೂತದ್ದನ್ನು ನೋಡಿ ನಗುತ್ತಿದ್ದ. "ಕೈ ತೊಳೀಲಿ ಇಲ್ಲಾ ಇನ್ನೊಂದೀಟು ಬಳಕೊಂಡು ತಿನ್ಲಿ?" ಎಂದು ಕೇಳುತ್ತಿದ್ದ. ವೈನಿ ತಂಬಿಗೆ ನೀರು ತಂದು ತಾನೇ ಅವನ ಕೈ ಮೇಲೆ ಸುರಿದುಬಿಡುತ್ತಿದ್ದಳು.

ಆಮೇಲೆ ಕಂಪ್ರೆಸರ್ ಬಂತು. ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿದ ಮಷೀನು, ಅದರಿಂದ ಉದ್ದನೆಯ ಪೈಪು, ಪೈಪಿನ ತುದಿಗೆ ಗಡಗಡ ನಡುಗುವ ಉಳಿ. ನಾವು ಇಡೀ ದಿನ ಹೊಡೆಯುತ್ತಿದ್ದ ಸುರಂಗವನ್ನು ಅದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊಡೆಯುತ್ತಿತ್ತು. ಚಿಮ್ಮಡದ ಒಂದು ಬಾವಿಯ ಮೇಲೆ ಟ್ರ್ಯಾಕ್ಟರಿನವನು ನಮ್ಮಿಬ್ಬರನ್ನೂ ನೋಡಿ, "ಹಿಡಿಯಾವ ಒಬ್ಬ ಬೇಕ್ರಿ. ಹೊಡಿಯಾಕ ಗಾಳಿ ಐತಿ" ಅಂದ.

ನನಗೆ ಆ ಮಾತು ಎಲ್ಲಿ ತಾಗಿತು ಎಂದು ಬಿಡಿಸಿ ಹೇಳಬೇಕಿಲ್ಲ. ಅಣ್ಣ ಹಿಡಿಯಲು ಹೋದ. ಮನೆಯಲ್ಲಿ ಬಾಯಿ ಹೆಚ್ಚಾಗಿದ್ದವು. ನಾನು ಅದೇ ಬಾವಿಯಲ್ಲಿ ಸಿಡಿದ ಕಲ್ಲು ಹೊತ್ತೆ. ಟ್ರ್ಯಾಕ್ಟರ್ ಹೋಗಲಾರದ ಕಡೆ ಕೆಲಸ ಬಂದಾಗ ಮಾತ್ರ ಮತ್ತೆ ನಾವಿಬ್ಬರೂ ಜೋಡಿ.

"ಇನ್ಮ್ಯಾಲ ಆ ಟ್ರ್ಯಾಕ್ಟರಕ್ಕೂ ಒಂದ್ ಪಟ್ಟಿ ಕೊಡಬೇಕೇನಣ್ಣಾ?" ಎಂದು ಒಮ್ಮೆ ಕೇಳಿದೆ, ಸಿಟ್ಟಿನಿಂದಲೇ.

"ಅದಕ ಡೀಜಲ್ ಸಾಕಲೇ. ಪಟ್ಟಿ ನಿಂದ ಐತಿ" ಅಂದ.

ಕೈಯಿಂದ ಸುರಂಗ ಹೊಡೆಯುವಾಗ ನಾವು ತೂತಿಗೆ ನೀರು ಹನಿಸುತ್ತಿದ್ದೆವು. ಪುಡಿ ಕೆಸರಾಗಿ ಬರುತ್ತಿತ್ತು. ಈ ಮಷೀನು ಒಣಕಲ್ಲನ್ನೇ ಕೊರೆದು ಪುಡಿಯನ್ನು ಹಿಡಿದವನ ಮುಖಕ್ಕೆ ಊದುತ್ತಿತ್ತು. ಸಂಜೆ ಅಣ್ಣ ಬಾವಿಯಿಂದ ಮೇಲೆ ಬಂದರೆ ಹಿಟ್ಟಿನ ಗಿರಣಿಯವನ ಹಾಗೆ ಬೆಳ್ಳಗಿರುತ್ತಿದ್ದ. ರೆಪ್ಪೆಯೂ ಬಿಳಿ. ವೈನಿ ಬಾಗಿಲಲ್ಲೇ ನಿಲ್ಲಿಸಿ ಸೆರಗಿನಿಂದ ಝಾಡಿಸುತ್ತಿದ್ದಳು. ಮೈ ಮೇಲಿನದು ಹೋಗುತ್ತಿತ್ತು.

ಕೆಲವು ವರ್ಷ ಹಾಗೆ ನಡೆಯಿತು. ಮೊದಲು ಕೆಮ್ಮು. ಆಮೇಲೆ ಗುಡ್ಡ ಹತ್ತುವಾಗ ನಿಲ್ಲುವುದು. ಆಮೇಲೆ ಬಾವಿಯ ಮೆಟ್ಟಿಲಲ್ಲಿ ನಿಲ್ಲುವುದು. ಕೊನೆಗೆ ಮನೆಯ ಹೊಸ್ತಿಲು ದಾಟಿ ನಿಲ್ಲುವುದು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಜಮಖಂಡಿಯ ಡಾಕ್ಟರು ಮಿರಜಿಗೆ ಹೋಗಿ ಎಂದರು. ಕರೆದುಕೊಂಡು ಹೋದೆ. ಅಲ್ಲಿ ಎದೆಯ ಫೋಟೋ ತೆಗೆದು, ಬೆಳಕಿಗೆ ಹಿಡಿದು ನೋಡಿ, ಕಲ್ಲಿನ ಪುಡಿ ಒಳಗೆ ಕೂತುಬಿಟ್ಟಿದೆ, ಅದನ್ನು ತೆಗೆಯುವ ಔಷಧಿ ಯಾವುದೂ ಇಲ್ಲ ಎಂದು ಹೇಳಿದರು. ಇಬ್ಬರೂ ಕೂತು ಕೇಳಿದೆವು.

ಬರುವಾಗ ಬಸ್ಸಿನ ಕಿಟಕಿಗೆ ತಲೆ ಇಟ್ಟುಕೊಂಡು ಅಣ್ಣ ಹೊರಗಿನ ಹೊಲಗಳನ್ನು ನೋಡುತ್ತಿದ್ದ. ಆಮೇಲೆ, "ಇಷ್ಟ್ ಬಾವಿ ತೋಡಿದ್ವಿ, ಎಷ್ಟ್ ಕಲ್ಲ ಹೊರಗ ತಗದ್ವಿ. ಇದೊಂದು ಒಳಗ ಉಳೀತು ನೋಡಲೇ" ಅಂದ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಅವನು ನಗುತ್ತಿದ್ದ.

ಆ ವರ್ಷ ಹೊಳೆದಂಡೆಯ ಗಲಗಲಿಯಿಂದ ಒಬ್ಬ ಗೌಡರು ನನ್ನನ್ನು ಹುಡುಕಿಕೊಂಡು ಬಂದರು. ಹೊಲದಲ್ಲಿ ಒಂದು ಹಳೆಯ ಬಾವಿ, ಇನ್ನೂ ಆಳ ಮಾಡಬೇಕು. ನಡುವೆ ಆಳವಾದ ಹಳ್ಳ, ಟ್ರ್ಯಾಕ್ಟರ್ ದಾಟುವ ಹಾಗಿಲ್ಲ. ಕೈಯಿಂದಲೇ ಆಗಬೇಕು. ಸುತ್ತಿನಲ್ಲಿ ಕೈಯಿಂದ ಸುರಂಗ ಹೊಡೆಯುವವ ಎಂದರೆ ಈಗ ನೀನೊಬ್ಬನೇ ಅಂತೆ, ಎಂದರು. ಹೌದು, ಎಂದೆ. ನನ್ನ ಹೆಂಡತಿಯ ತಮ್ಮ ಅಲ್ಲೇ ಕೂತಿದ್ದ. ಗಟ್ಟಿಮುಟ್ಟಾದ ಆಳು, ಕೆಲಸಕ್ಕಾಗಿ ಮುಧೋಳದಿಂದ ಬಂದಿದ್ದ.

"ನಾ ಹಿಡೀತೇನ್ ತಗೋ ಮಾಮಾ" ಅಂದ.

"ನಮ್ಮಣ್ಣ ಎದ್ದ ಮ್ಯಾಲ ಬರ್ತೇನ್ರಿ" ಎಂದು ನಾನು ಗೌಡರಿಗೆ ಹೇಳಿದೆ.

ಅವರು ನಮ್ಮ ಮನೆಯ ಒಳಗೆ ಕಣ್ಣು ಹಾಯಿಸಿದರು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. "ನಾ ತಡೀತೇನಿ. ಆದ್ರ ನೆಲ ತಡಿಯಾಂಗಿಲ್ಲ" ಎಂದು ಹೇಳಿ ಹೋದರು.

ನಾನು ರಸ್ತೆಗೆ ಹಾಕುವ ಜಲ್ಲಿ, ನಮ್ಮ ಕಡೆಯ ಖಡಿ, ಒಡೆಯಲು ಹೋದೆ. ಖಡಿ ಒಡೆಯುವುದು ಕೂತು ಮಾಡುವ ಕೆಲಸ, ಸಣ್ಣ ಸುತ್ತಿಗೆಯ ಕೆಲಸ. ನಮ್ಮಲ್ಲಿ ವಯಸ್ಸಾದವರು ಮಾಡುತ್ತಿದ್ದರು. ಪರಿಚಯದವರು ಸೈಕಲ್ ಮೇಲೆ ಹೋಗುತ್ತ, "ಏನಪಾ, ಘಣ ಮಾರಿದಿ ಏನ?" ಎಂದು ಕೇಳಿದರೆ ತಲೆ ಎತ್ತುತ್ತಿರಲಿಲ್ಲ. ಆ ಕೂಲಿಯಲ್ಲಿ ಎರಡು ಮನೆ ಸಾಗುವ ಹಾಗಿರಲಿಲ್ಲ. ವೈನಿ ಮಗ್ಗದ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತಲು ಹೋಗತೊಡಗಿದಳು. ಆದರೂ ನಾನು ಗಲಗಲಿಗೆ ಹೋಗಲಿಲ್ಲ. ಹೋದರೆ ಅಣ್ಣ ಏಳುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ.

ಗೌಡರು ಬಂದು ಹೋದದ್ದರ ಮಾತು ಅಣ್ಣ ನನ್ನ ಹತ್ತಿರ ಎತ್ತಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಒಂದು ದಿನ ಹತ್ತಿರ ಕರೆದ.

"ಮುಧೋಳಕ ಹೊಂಟೀಯಂತಲ್ಲ. ನಿಮ್ಮ ಬೀಗರ ಮನ್ಯಾಗ ಹಬ್ಬ ಐತಂತ."

"ಹೂಂ."

"ಹಂದಿ ಕೊಯ್ತಾರಲ್ಲ? ಪಟ್ಟಿ ತಾ. ಎರಡೂ ತಾ."

ಬರೀ ಅಂಬಲಿಯ ಮೇಲೆ ಇದ್ದವನು. ಆ ಅಂಬಲಿಯೂ ಅರ್ಧ ವಾಟಿ. ಅವನ ಬಾಯಿಂದ ಆ ಮಾತು ಬಂದಾಗ ನಾನು ಇನ್ನೂ ಹತ್ತಿರ ಸರಿದು ಕೂತೆ. "ತಿಂತೀ ಏನಣ್ಣಾ?" ಎಂದೆ.

"ತಾ ಅಂದ್ರ ತಾ."

ಹೆಂಡತಿಯ ತವರಿನಲ್ಲಿ ನಾನು ಬೇರೆ ಏನನ್ನೂ ಕೇಳಲಿಲ್ಲ. ಎರಡು ಪಟ್ಟಿಗಳನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಂಜಾನೆಯ ಮೊದಲ ಬಸ್ಸಿಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅಣ್ಣ ಪಟ್ಟಿ ಬೇಡಿದ್ದಾನೆ ಎಂದು ಮನೆಗೆ ಬಂದ ಕೂಡಲೇ ಗೋಡೆಯ ಮೇಲಿನಿಂದ ಆಯಿಗೂ ಹೇಳಿದೆ. ಅವಳು ಅವತ್ತು ಸೆರಗು ಮೂಗಿಗೆ ಒಯ್ಯಲಿಲ್ಲ. "ಬಾಯಿ ಬೇಡಾಕತ್ತು ಅಂದ್ರ ಜೀವಕ್ಕ ಛಲೋ. ಲಗೂನ ಪೂಜಿ ಮುಗಸ್ತೇನಿ" ಎಂದು ಒಳಗೆ ಹೋದಳು. ವೈನಿ ಮಸಾಲೆ ಅರೆಯುತ್ತಿದ್ದರೆ ಕಲ್ಲಿನ ಸದ್ದು ಮನೆಯೆಲ್ಲ ತುಂಬಿತ್ತು. ಬಹಳ ದಿನವಾಗಿತ್ತು ಆ ಸದ್ದು ಕೇಳಿ.

ಮಧ್ಯಾಹ್ನ ಹೊರಸನ್ನು ಹಿತ್ತಲಿಗೆ ಹಾಕಿ, ಕೌದಿ ಮಡಚಿ ಬೆನ್ನಿಗೆ ಇಟ್ಟು, ಅಣ್ಣನನ್ನು ಎತ್ತಿ ತಂದು ಕೂರಿಸಿದೆ. ಎತ್ತಿದಾಗ ಭಾರವೇ ಇರಲಿಲ್ಲ. ಕೆಂಡ ಮಾಡಿದೆ. ಸರಳುಗಳನ್ನು ಇಟ್ಟೆ. ಕೆಂಡ ಮಂಕಾದ ಹಾಗೆ ಕಂಡು ಕೈ ತಾನಾಗಿಯೇ ಬೀಸಣಿಗೆಗೆ ಹೋಯಿತು.

"ಬಿಡು ಅದನ್ನ" ಅಂದ ಹೊರಸಿನಿಂದ. "ತಿರವು… ಅಷ್ಟಲ್ಲ… ಇಷ್ಟ. ನೀ ಏನ್ ಎತ್ತಿನ ಮೂಗುದಾಣ ಜಗ್ಗಿದಂಗ ಜಗ್ತೀ."

ಮಸಾಲೆ ಒಂದು ಕಡೆ ಹತ್ತತೊಡಗಿತ್ತು. "ತಾ ಇಲ್ಲಿ" ಅಂದ. ಹೊರಸನ್ನು ಕಲ್ಲಿನ ಹತ್ತಿರಕ್ಕೆ ಎಳೆದೆ. ತನ್ನ ಸರಳಿನ ತುದಿ ಹಿಡಿದ. ಒಂದು ಉಸಿರು ಎಳೆದು ತುಸು ತಿರುವುವುದು. ನಿಲ್ಲುವುದು. ಮತ್ತೆ ಉಸಿರು, ಮತ್ತೆ ತುಸು. ಹೆಬ್ಬೆರಳಿನ ಆ ಸೊಟ್ಟ ಉಗುರು ಸರಳಿನ ಮೇಲೆ ಕಾಣುತ್ತಿತ್ತು. ನಾನು ನನ್ನದನ್ನು ಅವನು ಮಾಡಿದ ಹಾಗೆ ಮಾಡಲು ನೋಡುತ್ತಿದ್ದೆ, ಆಗುತ್ತಿರಲಿಲ್ಲ. ಅವನ ಪಟ್ಟಿ ಸುತ್ತಲೂ ಒಂದೇ ಬಣ್ಣಕ್ಕೆ ಬಂತು, ಹದವಾದ ಕೆಂಪು. ಹಳೆಯ ವಾಸನೆ ಎದ್ದಿತು. ವೈನಿ ತಾಟು ಹಿಡಿದು ಬಂದು ನಿಂತಳು, ಕೈ ತೊಳೆಯಲು ತಂಬಿಗೆಯನ್ನೂ ತಂದಿದ್ದಳು.

ಅಣ್ಣ ತಾಟು ಬೇಡವೆಂದ. ಪಟ್ಟಿಯನ್ನು ಸರಳಿನಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ ಆ ಕೈಯನ್ನು ನನ್ನ ಕಡೆ ಚಾಚಿದ.

"ಹಿಡಿ" ಅಂದ.

ನನಗೆ ಆಗ ಗೊತ್ತಾಯಿತು ಅವನು ಪಟ್ಟಿ ಯಾಕೆ ಬೇಡಿದ್ದ ಎಂದು. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಮೊದ್ಲ ನೀ ತಿನ್ನು. ನೀ ತಿನ್ನದ ನಾ ಹೆಂಗ ತಿನ್ಲಿ?"

"ಗಲಗಲ್ಯಾಗ ಬಾವಿ ಹಂಗ ಕುಂತೈತಂತ."

"ಕುಂದರ್ಲಿ. ಬಾವಿ ಎಲ್ಲಿ ಎದ್ದು ಹೊಕ್ಕತಿ?"

"ಬಾವಿ ಕುಂದರತೈತಿ, ಹೊಟ್ಟಿ ಕುಂದರಾಂಗಿಲ್ಲ. ನಿನ್ನ ವೈನಿ ಮಂದಿ ಮನ್ಯಾಗ ಕಂಡಕಿ ಸುತ್ತಾಕತ್ತಾಳ. ಘಣ ಎತ್ತೂ ಕೈಲೆ ನೀ ಖಡಿ ಒಡ್ಯಾಕತ್ತೀ. ನನಗೇನ್ ಕಿವಿನೂ ಹೋಗ್ಯಾವಂತ ಮಾಡೀರೇನ್?"

"ನಿನಗ ಆರಾಮ ಆಗ್ಲಿ. ಆಮ್ಯಾಲ ಇಬ್ರೂ ಹೋಗೂಣು."

ಅವನು ಕೆಮ್ಮಿದ, ಬಹಳ ಹೊತ್ತು. ಕೈ ಮಾತ್ರ ಚಾಚಿಯೇ ಇತ್ತು. "ಮಿರಜಕ ನಾವಿಬ್ರೂ ಕೂಡೇ ಹೋಗಿದ್ವಿ ಹೌದಲ್ಲೋ? ಡಾಕ್ಟರ್ ಹೇಳಿದ್ದು ನಾನೂ ಕೇಳೇನಿ, ನೀನೂ ಕೇಳೀದಿ. ಹಿಡಿ."

"ಹಿಡ್ಯಾಂಗಿಲ್ಲ" ಎಂದು ಎದ್ದು ನಡೆದುಬಿಟ್ಟೆ.

ಓಣಿಯ ತುದಿಯ ತನಕ ಹೋದೆ. ಎಲ್ಲ ಮನೆಗಳಲ್ಲಿ ಮಗ್ಗ ಖಟಪಟ ನಡೆದಿದ್ದವು. ಮುಂದೆ ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಜಾಲಿ ಗಿಡದ ಕೆಳಗೆ ನಿಂತೆ. ನಾನು ಆ ತುಂಡನ್ನು ತಿನ್ನದಿದ್ದರೆ ಜೋಡಿ ಬಿಡುವುದಿಲ್ಲ, ಜೋಡಿ ಬಿಡದಿದ್ದರೆ ಅವನು ಇರುತ್ತಾನೆ. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಮೂರ್ಖತನ ಎನ್ನುವವರು ಎನ್ನಲಿ.

ವಾಪಸು ಬರುವಾಗ ಆಯಿ ತನ್ನ ಕಟ್ಟೆಯ ಮೇಲೆ ಕೂತಿದ್ದಳು. "ತಿಂದನೇನೋ ನಿಮ್ಮಣ್ಣ?" ಎಂದು ಕೇಳಿದಳು. ನನ್ನ ಮುಖ ನೋಡಿದಳು. "ಹೋಗು ಒಳಗ. ಯಾವುದೋ ಒಂದು ಸುಟ್ಟು ಹೋಗಾಕತ್ತೇತಿ."

ಹಿತ್ತಲಿಗೆ ಬಂದರೆ ಅಣ್ಣನ ಕೈ ಚಾಚಿದ್ದು ಚಾಚಿದ ಹಾಗೆಯೇ ಇತ್ತು. ವೈನಿ ಮೊಳಕೈ ಕೆಳಗೆ ತಲೆದಿಂಬು ಕೊಟ್ಟಿದ್ದಳು. "ಕೊಡ್ರಿ, ತಾಟಿನಾಗ ಇಡ್ತೇನಿ ಅಂದ್ರ ಬಿಡವಲ್ರು" ಅಂದಳು. ತೋಳು ನಡುಗುತ್ತಿತ್ತು. ಪಟ್ಟಿ ತಣ್ಣಗಾಗಿ, ಮಸಾಲೆ ಅಂಗೈಗೆ ಅಂಟಿ ಒಣಗಿತ್ತು. ನಾನು ಘಣ ಎತ್ತುವಷ್ಟು ಹೊತ್ತೂ ಅಲುಗದೆ ಉಳಿ ಹಿಡಿಯುತ್ತಿದ್ದ ಕೈ ಅದು. ಅವನ ಹಠದ ಮುಂದೆ ನನ್ನ ಹಠ ಎಂದೂ ನಡೆದಿರಲಿಲ್ಲ.

ಕೂತೆ. ತೆಗೆದುಕೊಂಡೆ. ತಿಂದೆ. ಅವನು ಒಂದೊಂದು ತುತ್ತನ್ನೂ ನೋಡುತ್ತಿದ್ದ. ವೈನಿ ಗೋಡೆಯ ಕಡೆ ತಿರುಗಿ ನಿಂತಳು.

"ಉಪ್ಪ?" ಎಂದು ಕೇಳಿದ.

"ಬರೋಬರಿ ಐತಿ."

"ಖರೇನ?"

"ಖರೇನಣ್ಣಾ."

ಆಮೇಲೆ ತನ್ನ ಬೆರಳಿಗೆ ಅಂಟಿದ ಮಸಾಲೆಯನ್ನು ನಾಲಿಗೆಗೆ ಹಚ್ಚಿ ನೋಡಿದ. ಅವನು ತಿಂದದ್ದು ಅಷ್ಟೇ. ಕಲ್ಲಿನ ಮೇಲೆ ಬಿಟ್ಟು ಹೋದ ನನ್ನ ಸರಳನ್ನು ಗಲ್ಲದಿಂದ ತೋರಿಸಿದ. ತಿರುವುವವರಿಲ್ಲದೆ ಒಂದು ಮಗ್ಗುಲು ಕರ್ರಗೆ ಇದ್ದಿಲಾಗಿತ್ತು, ಮೇಲಿನ ಮಗ್ಗುಲು ಇನ್ನೂ ಹಸಿ. "ನೋಡ, ಹೊಡಿಯಾವನ ಅಡಗಿ" ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ. ಅವನು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಜೋಳ ತೆನೆ ಬಿಡುವ ಹೊತ್ತಿಗೆ, ಗೋಡೆಗೆ ಒರಗಿ ಕೂತಲ್ಲೇ ಹೋದ. ಮಣ್ಣು ಮಾಡಿದೆವು. ತಲೆಯ ಕಡೆಗೆ ಇಡುವ ಕಲ್ಲನ್ನು ಗುಡ್ಡದಿಂದ ನಾನೇ ತಂದೆ. ಅದರ ಮೇಲೆ ಏನೂ ಬರೆಯಲಿಲ್ಲ. ಎಡಗೈಯಲ್ಲಿ ಸಣ್ಣ ಉಳಿ ಹಿಡಿದು, ಬಲಗೈಯಲ್ಲಿ ಸುತ್ತಿಗೆ ಹಿಡಿದು, ನೀರು ಹನಿಸಿ ಹನಿಸಿ ಒಂದು ಸುರಂಗ ಕೊರೆದೆ. ಹಿಡಿಯುವುದು, ತಿರುವುವುದು, ಹೊಡೆಯುವುದು ಎಲ್ಲ ನಾನೇ. ದುಂಡಗೆ ಬರುವ ತನಕ ಬಿಡಲಿಲ್ಲ. ಬಹಳ ಹೊತ್ತು ಹಿಡಿಯಿತು.

ಪಟ್ಟಿ ತಿಂದರೂ ಅಣ್ಣ ಇರುವ ತನಕ ನಾನು ಘಣ ಎತ್ತಿರಲಿಲ್ಲ, ಗಲಗಲಿಯ ಗೌಡರು ಇನ್ನೂ ಕಾದಿದ್ದರು. ಹೆಂಡತಿಯ ತಮ್ಮ ಉಳಿ ಹಿಡಿದು ಕೂತ. ಘಣ ಎತ್ತಿದೆ, ಕೆಳಗೆ ತರಲು ಆಗಲಿಲ್ಲ. ಕಣ್ಣು ಉಳಿಯನ್ನು ಬಿಟ್ಟು ಅವನ ಮುಖಕ್ಕೆ ಹೋಗುತ್ತಿತ್ತು.

"ಯಾಕ್ ಮಾಮಾ, ನನ್ನ ಮಾರಿಗೆ ಏನರ ಹತ್ತೈತೇನ್?" ಎಂದು ಕೇಳಿದ.

"ಏನಿಲ್ಲ. ಗಟ್ಟಿ ಹಿಡಿ. ಏಟಿಗೊಮ್ಮೆ ತಿರವು. ಇಷ್ಟ, ಹೆಚ್ಚ ಬ್ಯಾಡ" ಎಂದು ಹೇಳಿ ಹಾಕಿದೆ.

ಮೊದಲ ವಾರ ಉಳಿ ಕಚ್ಚಿಕೊಂಡು ಕಚ್ಚಿಕೊಂಡು ನಿಲ್ಲುತ್ತಿತ್ತು. ಆಮೇಲೆ ಕಲಿತ. ಬಿಸಿಲು ಬಲಿಯುವ ಮೊದಲೇ ನೀರು ಬಿತ್ತು, ತಳದ ಬಿರುಕಿನಿಂದ, ತಣ್ಣನೆಯ ನೀರು. ಗೌಡರು ಮೇಲಿನಿಂದ ಕೂಗಿ ಕೇಳಿದರು, ನಾನು ಕೆಳಗಿನಿಂದ ಒಂದು ಬೊಗಸೆ ಎತ್ತಿ ತೋರಿಸಿದೆ.

ಹಂದಿ ಕೊಯ್ದರು. ಎರಡು ಪಟ್ಟಿ ನಮ್ಮ ಡಬ್ಬಿಗೆ ಬಂದವು. ಮನೆಗೆ ತಂದು ಇಟ್ಟೆ, ಯಾರಿಗೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಅರೆಯುವ ಸದ್ದು ಕೇಳಿತು. ವೈನಿ ಮಸಾಲೆ ಸವರಿ, ಪರಾತ ಮುಚ್ಚಿ, ನೆರಳಲ್ಲಿ ಇಟ್ಟು ಒಳಗೆ ಹೋದವಳು ಮತ್ತೆ ಹಿತ್ತಲಿಗೆ ಬರಲಿಲ್ಲ. ಅಣ್ಣನ ಹೊರಸು ಗೋಡೆಗೆ ಒರಗಿ ನಿಂತಿತ್ತು.

ಹೆಂಡತಿಯ ತಮ್ಮನಿಗೆ ಸುಡುವುದು ಬರುತ್ತಿರಲಿಲ್ಲ. ಎರಡೂ ಸರಳು ನಾನೇ ಹಿಡಿದೆ. ಬೀಸಣಿಗೆ ಮುಟ್ಟಲಿಲ್ಲ. ಒಂದು ಉಸಿರು ಎಳೆದು ತುಸು ತಿರುವಿ ನಿಲ್ಲಿಸಿದೆ. ಮತ್ತೆ ಉಸಿರು.

ಗೋಡೆಯ ಆಚೆಯಿಂದ ಆಯಿಯ ದನಿ ಬಂತು. "ಇವತ್ತ ಯಾರೋ ತಿರುವಾಕತ್ತಾರು?"

"ನಾನರಿ ಆಯಿ."

"ಕಲತಿ ಹಂಗಾರ" ಅಂದಳು. ಬಾಗಿಲು ಮುಚ್ಚುವ ಸದ್ದು ಕೇಳಲಿಲ್ಲ, ಅಲ್ಲೇ ನಿಂತಿದ್ದಳು ಅನಿಸುತ್ತದೆ.

ಹೆಂಡತಿಯ ತಮ್ಮನ ಮುಂದೆ ಅವನ ಪಟ್ಟಿ ಇಟ್ಟೆ. ಅವನು ನನ್ನನ್ನೂ ಕರೆದ. "ಮೊದ್ಲ ನೀ ತಿನ್ನು. ತಿಂದು ಕೈ ತೊಳಿ" ಎಂದೆ. ತಂಬಿಗೆ ನೀರು ಹತ್ತಿರ ಇಟ್ಟುಕೊಂಡು ಕೂತೆ. ಅವನು ನಿಧಾನಕ್ಕೆ ತಿನ್ನುವವನು. ಅವನ ಕೈ ಮೇಲೆ ನೀರು ಸುರಿಯುವ ಹೊತ್ತಿಗೆ ನನ್ನದು ಪೂರ್ತಿ ಆರಿತ್ತು.